ಸಾಮಾನಿನ ಕೋಣೆಗೊಂದು ಕಿಟಕಿ

ಎರಡು ದಿನಕ್ಕೆಂದು ಹೋದ ದೊಡ್ಡ ಸಿಸ್ಟರ್ ಹೇಳಿದ ಹಾಗೆ ಎರಡೇ ದಿನಕ್ಕೆ ವಾಪಸು ಬಂದರು. ಆದರೆ ಹೋದ ಹೆಂಗಸೇ ಬೇರೆ, ಬಂದ ಹೆಂಗಸೇ ಬೇರೆ ಎಂದು ಅವರ ಮಗ ಆಮೇಲೆ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ. ಬಾಡಿಗೆ ಕಾರಿನಿಂದ ಇಳಿದವರು ಚಪ್ಪಲಿ ಬಿಡುವ ಮೊದಲೇ ಹೊಸಿಲ ಮೇಲೆ ನಿಂತು, ಯಾರದೋ ಮನೆ ನೋಡಲು ಬಂದವರ ಹಾಗೆ ಒಳಗೆಲ್ಲ ಕಣ್ಣಾಡಿಸಿ, "ಅಬ್ಬಬ್ಬಾ, ಎಷ್ಟು ಸಾಮಾನು!" ಎಂದರು.

"ಎಲ್ಲ ನಿಂದೇ ಅಮ್ಮ," ಎಂದ ಮಗ, ಅವರ ಚೀಲ ಇಳಿಸಿಕೊಳ್ಳುತ್ತ.

ಅದು ಸುಳ್ಳೇನಲ್ಲ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ದಾದಿಯಾಗಿ, ಅದರಲ್ಲಿ ಹದಿನಾರು ವರ್ಷ ವಾರ್ಡಿನ ಮೇಲ್ವಿಚಾರಕಿಯಾಗಿ ದುಡಿದು ನಿವೃತ್ತರಾದವರು ಅವರು. ಬೀದಿಯವರಿಗೆಲ್ಲ ಈಗಲೂ 'ದೊಡ್ಡ ಸಿಸ್ಟರ್'. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಆ ಮನೆಯಲ್ಲಿ ಒಂದು ಖಾಲಿ ಬಾಟಲಿಯನ್ನು ಎಸೆಯಬೇಕಾದರೂ ಅವರ ಅಪ್ಪಣೆ ಬೇಕಿತ್ತು. "ಇರಲಿ, ಬೇಕಾಗತ್ತೆ" ಎಂಬುದು ಅವರ ಅಪ್ಪಣೆ. ಹೀಗೆ ಬೇಕಾಗುವ ವಸ್ತುಗಳೆಲ್ಲ ಮಂಚದಡಿ, ಬೀರುವಿನ ಮೇಲೆ, ಹಿಂದಿನ ಸಾಮಾನಿನ ಕೋಣೆಯಲ್ಲಿ ವರ್ಷಗಟ್ಟಲೆ ಕೂತು ಯಾರಿಗೂ ಬೇಡವಾಗಿದ್ದವು.

ಅವರ ಕೈಕೆಳಗೆ ಕೆಲಸ ಕಲಿತ ಒಬ್ಬಳು ತಾನೂ ನಿವೃತ್ತಳಾದ ಖುಷಿಗೆ ಹಳೆಯ ಗೆಳತಿಯರು ಮೂವರನ್ನು ಗುಡ್ಡದ ಬುಡದಲ್ಲಿ ಹೊಸದಾಗಿ ತೆರೆದಿದ್ದ ಸ್ಪಾ ವಸತಿಗೃಹಕ್ಕೆ ಕರೆದುಕೊಂಡು ಹೋಗಿದ್ದಳು. ಹೋಗುವಾಗ ದೊಡ್ಡ ಸಿಸ್ಟರ್ ಮೂಗು ಮುರಿದಿದ್ದರು. "ಸ್ನಾನ ಮಾಡೋಕೆ ಅಷ್ಟು ದೂರ ಹೋಗ್ಬೇಕಾ?" ಬಂದ ಮೇಲೆ ಊಟಕ್ಕೆ ಕೂತವರು ತಟ್ಟೆಗೆ ಬಡಿಸಿದ್ದನ್ನು ಮರೆತು ಮಾತಿಗಿಳಿದರು.

"ರೂಮಲ್ಲಿ ಏನೂ ಇಲ್ಲ ಕಣೋ! ಒಂದು ತಗ್ಗು ಮಂಚ, ಒಂದು ಬೆಂಚು, ಒಂದು ಹೂಜಿ. ಹೂಜಿಯಲ್ಲಿ ಹೂವಿನ ಗೊಂಚಲೂ ಇಲ್ಲ, ಬರೀ ಒಂದು ಕಡ್ಡಿ. ಎಲೆ ಎಷ್ಟು? ನಾಲ್ಕು!"

"ಏನೂ ಇಲ್ಲದ ರೂಮಿಗೆ ಅಷ್ಟೊಂದು ಬಾಡಿಗೆನಾ?" ಎಂದ ಮಗ. ಅವನು ನಗರ ಸಾರಿಗೆಯ ಬಸ್ಸು ಓಡಿಸುವವನು. ದಿನಕ್ಕೆ ಸಾವಿರ ಜನರನ್ನು ಹತ್ತಿಸಿ ಇಳಿಸುವ ಅವನಿಗೆ ಖಾಲಿ ಜಾಗವೆಂದರೆ ಜನ ಇನ್ನೂ ಹತ್ತಿಲ್ಲವೆಂದೇ ಅರ್ಥ.

"ಏನೂ ಇಲ್ಲದ್ದಕ್ಕೇ ಬಾಡಿಗೆ! ಕಿಟಕಿ ಎಲ್ಲಿದೆ ಗೊತ್ತಾ? ನೆಲದಿಂದ ಎರಡೇ ಗೇಣು ಮೇಲೆ. ನಾನೇ ಗೇಣು ಹಾಕಿ ನೋಡ್ದೆ. ಮಲಗಿಕೊಂಡ್ರೆ ಹುಲ್ಲು ಕಾಣ್ಸತ್ತೆ. ದೀಪ ಇದೆ, ಬಲ್ಬು ಕಾಣಲ್ಲ. ಬಚ್ಚಲಲ್ಲಿ ಕೂರೋಕೆ ಒಂದು ಮರದ ಸ್ಟೂಲು. ಹೆಗಲ ಮೇಲೆ ಬಿಸಿನೀರು ಬೀಳ್ತಾ ಇದ್ರೆ... ಏನು ಹೇಳ್ಲಿ! ಮೂವತ್ತನಾಲ್ಕು ವರ್ಷ ಬೇರೆಯವರ ಮೈ ಒರೆಸಿದೀನಿ, ನನ್ನ ಮೈಗೆ ಹೆಗಲು ಅನ್ನೋದು ಇದೆ ಅಂತ ಮೊನ್ನೆ ಗೊತ್ತಾಯ್ತು."

ಮೊಮ್ಮಗಳು ಕಣ್ಣರಳಿಸಿ ಕೇಳುತ್ತಿದ್ದಳು. ಹತ್ತೊಂಬತ್ತರ ಹುಡುಗಿ. ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವ ಯಂತ್ರದ ಮುಂದೆ ಅವಳ ಕೆಲಸ. "ಗೋಡೆ ಯಾವ ಬಣ್ಣ ಅಜ್ಜಿ?" ಎಂದಳು.

ದೊಡ್ಡ ಸಿಸ್ಟರ್ ಊಟದ ಕೈಯಲ್ಲೇ ಎದ್ದು ಹೋಗಿ ತಮ್ಮ ಡೈರಿ ತಂದರು. ರೋಗಿಯ ಚಾರ್ಟು ಬರೆಯುವ ಅಚ್ಚುಕಟ್ಟಿನಲ್ಲಿ ಎರಡು ಪುಟ ಬರೆದಿತ್ತು. "ಗೋಡೆ: ಬೂದಿ ಅಲ್ಲ, ಹಸಿರೂ ಅಲ್ಲ. ಬೆಳಿಗ್ಗೆ ಆರಕ್ಕೆ ಒಂದು ಥರ, ಸಂಜೆ ಆರಕ್ಕೆ ಇನ್ನೊಂದು ಥರ."

"ಗೊತ್ತು! ಆ ಬಣ್ಣ ನಂಗೆ ಗೊತ್ತು!" ಎಂದು ಮೊಮ್ಮಗಳು ಕೂಗಿದಳು.

ಸೊಸೆಯ ಲಕ್ಷ್ಯ ಮಾತ್ರ ಗಡಿಯಾರದ ಮೇಲಿತ್ತು. ಅವಳು ಪರದೆ ಹೊಲಿಯುವವಳು. ಎರಡು ಮನೆಗಳ ಪರದೆ ಆ ವಾರವೇ ಕೊಡಬೇಕಿತ್ತು. ಎಲ್ಲರಿಗೂ ಬಡಿಸಿ, ತನ್ನ ತಟ್ಟೆಯಲ್ಲಿ ಉಳಿದಿದ್ದನ್ನು ನಾಲ್ಕು ತುತ್ತಿಗೆ ಮುಗಿಸಿ, ನಡುಮನೆಯ ಮೂಲೆಯಲ್ಲಿದ್ದ ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತಳು.

"ಕೇಳಿಸ್ತೇನೇ? ನಮ್ಮನೆನೂ ಹಾಗೆ ಮಾಡೋಣ," ಎಂದು ದೊಡ್ಡ ಸಿಸ್ಟರ್ ಕೂಗಿದರು.

"ಹೂಂ ಅತ್ತೆ," ಎಂದಳು ಸೊಸೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು.

ಮಾರನೇ ದಿನದಿಂದ ಮನೆಯಲ್ಲಿ ಯಾರು ಇಟ್ಟದ್ದೂ ಇಟ್ಟ ಜಾಗದಲ್ಲಿ ಸಿಗಲಿಲ್ಲ. ಅರವತ್ತೈದು ದಾಟಿದ, ಮಂಡಿನೋವಿನ ದೊಡ್ಡ ಸಿಸ್ಟರ್ ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಓಡಾಡಿದರು. ಬಚ್ಚಲಿಗೆ ಅಡುಗೆಮನೆಯ ಸ್ಟೂಲು ಹೋಯಿತು. ಸ್ಟೂಲಿಲ್ಲದೆ ಮೇಲಿನ ಡಬ್ಬ ಇಳಿಸಲಾಗದೆ ಸೊಸೆ ಎರಡು ದಿನ ಸಕ್ಕರೆಯಿಲ್ಲದ ಚಹಾ ಕೊಟ್ಟಳು. ಟವೆಲ್ಲುಗಳನ್ನೆಲ್ಲ ಸುರುಳಿ ಸುತ್ತಿ ಬುಟ್ಟಿಯಲ್ಲಿ ನಿಲ್ಲಿಸಿದ್ದಾಯಿತು. ಯಾವುದು ಯಾರದೆಂದು ತಿಳಿಯದೆ ಮಗ ಮಗಳ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಬೈಸಿಕೊಂಡ. ನಾಲ್ಕನೆಯ ದಿನ ಅವನು ಬೆಳಗಿನ ಪಾಳಿ ಮುಗಿಸಿ ಬಂದಾಗ ನಡುಮನೆಯಲ್ಲಿ ಕುರ್ಚಿಗಳೇ ಇರಲಿಲ್ಲ.

"ಅಮ್ಮಾ, ಕುರ್ಚಿ ಎಲ್ಲಿ?"

"ಮಾಳಿಗೆ ಮೇಲೆ. ನೆಲ ಇದೆಯಲ್ಲ, ಕೂತ್ಕೋ. ಅಲ್ಲೆಲ್ಲ ಜನ ನೆಲದ ಮೇಲೇ ಕೂರ್ತಿದ್ರು, ಮೆತ್ತೆ ಹಾಕ್ಕೊಂಡು."

"ನಮ್ಮ ಮೆತ್ತೆ ಎಲ್ಲಿ?"

"ಅದನ್ನ ನಿನ್ನ ಹೆಂಡ್ತಿ ಹೊಲೀಬೇಕು."

ಯಂತ್ರದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಮಗ ತಾಯಿಯ ಮುಖ ನೋಡಿದ, ಹೆಂಡತಿಯ ಬೆನ್ನು ನೋಡಿದ. ಎಂಟು ಗಂಟೆ ಕೂತೇ ಕೆಲಸ ಮಾಡಿ ಬಂದವನು ಮತ್ತೆ ಕೂರುವುದೇ ಬೇಡವೆಂದು ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡಿದ.

ಮೊಮ್ಮಗಳೊಬ್ಬಳೇ ಅಜ್ಜಿಯ ಪಕ್ಷ. ಗಿರಾಕಿಗಳು ಬೇಡವೆಂದು ಬಿಟ್ಟುಹೋದ ಬಣ್ಣದ ಪುಟ್ಟ ಡಬ್ಬಗಳನ್ನು ಯಜಮಾನನನ್ನು ಕೇಳಿ ದಿನಕ್ಕೆರಡರಂತೆ ತಂದಳು. ಅಜ್ಜಿ ಮೊಮ್ಮಗಳು ಸೇರಿ ನಡುಮನೆಯ ಗೋಡೆಯ ಮೇಲೆ ಅಂಗೈಯಗಲದ ಚೌಕ ಬಳಿದು, ದೂರ ನಿಂತು, ತಲೆ ಓರೆ ಮಾಡಿ ನೋಡುತ್ತಿದ್ದರು.

"ಇದು ಹಸಿರು ಜಾಸ್ತಿ ಆಯ್ತು."

"ಇದು ನಮ್ಮ ವಾರ್ಡಿನ ಬಣ್ಣ ಕಣೇ, ಬೇಡವೇ ಬೇಡ!"

"ಅಜ್ಜಿ, ಇದು ಒಣಗಲಿ, ಒಣಗಿದ ಮೇಲೆ ಬೇರೆ ಆಗತ್ತೆ."

ಹನ್ನೊಂದನೆಯ ಚೌಕ ಒಣಗಿದ ಸಂಜೆ ದೊಡ್ಡ ಸಿಸ್ಟರ್ ಅದರ ಮುಂದೆ ಬಂದು ನಿಂತರು. ಆಮೇಲೆ ಮೊಮ್ಮಗಳ ಕೆನ್ನೆ ಹಿಡಿದು, "ಇದೇ! ಇದೇ ಕಣೇ! ನೀನು ಅಲ್ಲಿಗೆ ಹೋಗದೆ ಹೇಗೆ ಕಂಡುಹಿಡಿದೆ?" ಎಂದರು. ಹುಡುಗಿ ಹೆಮ್ಮೆಯಿಂದ ಉಬ್ಬಿಹೋದಳು.

ಇನ್ನು ಉಳಿದದ್ದು ನಡುಮನೆಯ ಆ ಮೂಲೆ. ಹೊಲಿಗೆ ಯಂತ್ರ, ಅದರ ಪಕ್ಕ ಎದೆಯೆತ್ತರದ ಬಟ್ಟೆಯ ರಾಶಿ, ಪರದೆ ಕೊಳವೆಗಳು, ಪರದೆಗೆ ಪೋಣಿಸುವ ಬಳೆಗಳ ಪೆಟ್ಟಿಗೆ. ಆ ರಾಶಿ ಕಣ್ಣಿಗೆ ಬಿದ್ದಾಗಲೆಲ್ಲ ದೊಡ್ಡ ಸಿಸ್ಟರಿಗೆ ಊಟದಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತಿತ್ತು. ಒಂದು ಬೆಳಿಗ್ಗೆ ಸೊಸೆ ಯಾರದೋ ಮನೆಯ ಕಿಟಕಿ ಅಳತೆಗೆಂದು ಹೋದಳು. ಮಗ ಪಾಳಿಯ ಮೇಲಿದ್ದ, ಮೊಮ್ಮಗಳು ಅಂಗಡಿಯಲ್ಲಿ. ದೊಡ್ಡ ಸಿಸ್ಟರ್ ತೋಳೇರಿಸಿದರು.

ಮೂರು ಗಂಟೆ ಅವರು ಮಾಡಿದ ಕೆಲಸ ನಿಜಕ್ಕೂ ನೋಡುವಂತಿತ್ತು. ಒಂದೊಂದು ತುಂಡನ್ನೂ ಕೊಡವಿ, ಸುಕ್ಕು ಬಿಡಿಸಿ, ಚುಚ್ಚಿದ್ದ ಗುಂಡುಸೂಜಿಗಳನ್ನು ಕೈಗೆ ಚುಚ್ಚೀತೆಂದು ತೆಗೆದು, ಅಲ್ಲಲ್ಲಿ ಬಳಿದಿದ್ದ ಸೀಮೆಸುಣ್ಣವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಟವೆಲ್ಲಿನ ಹಾಗೇ ಸುರುಳಿ ಸುತ್ತಿ, ತಿಳಿಯಿಂದ ಗಾಢಕ್ಕೆ ಬಣ್ಣದ ಪ್ರಕಾರ ಗೋಡೆಗೆ ಜೋಡಿಸಿದರು. ಸೊಸೆ ಬಂದು ಏನನ್ನುತ್ತಾಳೋ ಎಂದು ಮಗುವಿನ ಹಾಗೆ ಕಾದು ಕೂತರು.

ಸೊಸೆ ಬಂದಳು. ಚಪ್ಪಲಿ ಕಾಲಲ್ಲೇ ಒಳಗೆ ಬಂದು ಸುರುಳಿಗಳ ಮುಂದೆ ಕುಕ್ಕರಿಸಿದಳು. ಒಂದನ್ನು ಬಿಚ್ಚಿದಳು. ಇನ್ನೊಂದನ್ನು ಬಿಚ್ಚಿದಳು.

"ಗುರುತು ಎಲ್ಲಿ ಅತ್ತೆ?"

"ಯಾವ ಗುರುತು? ಕೊಳೆ ಆಗಿತ್ತು, ಒರೆಸಿದೆ."

"ಇದು ಮೂರು ಮನೆಯ ಬಟ್ಟೆ. ಕತ್ತರಿಸಿಟ್ಟಿದ್ದು. ಯಾವ ತುಂಡು ಯಾವ ಕಿಟಕಿಗೆ ಅಂತ ಬರೆದಿಟ್ಟಿದ್ದು." ಸೊಸೆಯ ದನಿ ಏರಲಿಲ್ಲ. "ನಾಡಿದ್ದು ಒಂದು ಕೊಡಬೇಕು. ಹತ್ತು ದಿನದ ಕೆಲಸ ಅತ್ತೆ."

"ನಂಗೇನು ಗೊತ್ತು? ಚೆನ್ನಾಗಿ ಕಾಣಲಿ ಅಂತ..."

"ನಿಮ್ಮ ವಾರ್ಡಿಗೆ ನಾನು ಬಂದು, ರೋಗಿಗಳ ಚೀಟಿ ಎಲ್ಲ ಕಿತ್ತು, ಎತ್ತರದ ಪ್ರಕಾರ ಮಲಗಿಸಿದ್ರೆ ಹೇಗಿರ್ತಿತ್ತು?"

ಅಷ್ಟರಲ್ಲಿ ಮಗ ಬಂದ. ಬಂದವನು ಬಾಗಿಲಲ್ಲೇ ನಿಂತ.

"ಅಮ್ಮ ಒಳ್ಳೇದಕ್ಕೇ ಮಾಡಿರ್ತಾಳೆ..." ಎಂದು ಶುರುಮಾಡಿದ.

"ನೀವು ಸುಮ್ನಿರಿ," ಎಂದಳು ಸೊಸೆ. ಈಗ ದನಿ ಏರಿತು. "ಇಪ್ಪತ್ತೊಂದು ವರ್ಷ ಆಯ್ತು ನಾನು ಈ ಮನೆಗೆ ಬಂದು. ಈ ಸಾಮಾನೆಲ್ಲ ಧೂಳು ಹೊಡೆದು ಮತ್ತೆ ಅಲ್ಲೇ ಇಟ್ಟಿದೀನಿ. ಒಂದು ಡಬ್ಬ ಎಸೆಯೋಣ ಅಂದ್ರೆ ಇರಲಿ ಅಂದ್ರು, ಇರಲಿ ಅಂದೆ. ಈಗ ಎಲ್ಲ ಖಾಲಿ ಮಾಡೋಣ ಅಂದ್ರು, ಹೂಂ ಅಂದೆ. ಅವರ ಟ್ರಂಕು ಹಾಗೇ ಇದೆ, ಅವರ ಬೀರು ಹಾಗೇ ಇದೆ. ಖಾಲಿ ಆಗಿದ್ದು ಯಾರ ಜಾಗ? ಮನೇಲಿ ನಂಗೆ ಅಂತ ಇರೋದೇ ಆ ಮೂಲೆ. ಅದೂ ಕಣ್ಣಿಗೆ ಚೆನ್ನಾಗಿ ಕಾಣ್ಲಿಲ್ವಂತೆ!"

ಸೊಸೆ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋಗಿ ಹೊತ್ತಿಗೆ ಸರಿಯಾಗಿ ಎಲ್ಲರಿಗೂ ಊಟ ಬಡಿಸಿದಳು. ದೊಡ್ಡ ಸಿಸ್ಟರ್ ಅರ್ಧಕ್ಕೇ ಕೈ ತೊಳೆದರು.

ಮರುದಿನ ಬೆಳಿಗ್ಗೆ ಅವರು ಕನ್ನಡಕ ಒರೆಸಿಕೊಂಡು ಸೊಸೆಯ ಯಂತ್ರದ ಪಕ್ಕ ಬಂದು ಕೂತರು.

"ನೀನು ಬಾಯ್ಬಿಟ್ಟು ಮಾತಾಡೋದು ಬೇಡ. ಅಳತೆ ತೋರಿಸು ಸಾಕು. ನಾನು ಕಲಸಿದ್ದು, ನಾನೇ ವಿಂಗಡಿಸ್ತೀನಿ."

ಸೊಸೆ ಟೇಪನ್ನು ಅವರ ಕೈಗಿಟ್ಟು ತನ್ನ ಅಳತೆಯ ಪುಸ್ತಕವನ್ನು ಅವರ ಮುಂದೆ ತೆರೆದಿಟ್ಟಳು. ಬೆರಳ ತುದಿಯಲ್ಲಿ ನಾಡಿ ಹುಡುಕಿ ಪಳಗಿದ ಕೈ ಅದು. ಬಟ್ಟೆಯ ನೇಯ್ಗೆ ಸವರಿ, ಅಂಚು ಅಂಚಿಗೆ ಹಿಡಿದು, ಉದ್ದ ಅಳೆದು, ಮಧ್ಯಾಹ್ನದೊಳಗೆ ಮೊದಲ ಮನೆಯ ಹದಿನಾಲ್ಕು ತುಂಡುಗಳನ್ನು ಹೊಂದಿಸಿದರು. ಹೊಂದಿಸಿದ್ದಕ್ಕೆಲ್ಲ ಚೀಟಿ ಅಂಟಿಸಿದರು. ಸೊಸೆ ತಾಳೆ ನೋಡಿ, "ಸರಿ ಇದೆ," ಎಂದಳು. ಆ ದಿನ ಅವಳಾಡಿದ ಮೊದಲ ಮಾತು ಅದು.

ಆದರೆ ಉಳಿದೆರಡು ಮನೆಯ ತುಂಡುಗಳೂ ಹೊಂದುವವರೆಗೆ ಎರಡು ದಿನ ಅಲ್ಲಿ ಕೂತಿದ್ದರಲ್ಲಿ ದೊಡ್ಡ ಸಿಸ್ಟರ್ ಕಂಡದ್ದು ಬಟ್ಟೆ ಮಾತ್ರವಲ್ಲ. ಇಷ್ಟು ವರ್ಷ ಆ ಮೂಲೆಯನ್ನು ಅವರು ಎದುರಿನಿಂದ ನೋಡಿದ್ದರೇ ಹೊರತು ಅಲ್ಲಿ ಕೂತು ನೋಡಿರಲಿಲ್ಲ. ಸೊಸೆ ಒಂದು ಹೊಲಿಗೆ ಹಾಕುವಷ್ಟರಲ್ಲಿ ಗಂಟೆ ಬಾರಿಸಿ ಹಾಲಿನವನು ಬಂದ. ಒಲೆಯ ಮೇಲೆ ಏನೋ ಉಕ್ಕಿತು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಅರ್ಧ ಗಂಟೆ ಹರಟಿದಳು. ಮಗ "ನನ್ನ ಕಾಲುಚೀಲ ನೋಡಿದ್ಯಾ?" ಎಂದ. ಮೊಮ್ಮಗಳು ಟಿ.ವಿ. ಹಾಕಿದಳು. ಪ್ರತಿಸಲವೂ ಸೊಸೆ ಬಟ್ಟೆಯನ್ನು ಮೊಣಕಾಲ ಮೇಲಿಂದ ಸರಿಸಿ ಏಳುತ್ತಿದ್ದಳು. ಅಭ್ಯಾಸಬಲದಿಂದ ದೊಡ್ಡ ಸಿಸ್ಟರ್ ಅವಳು ಎದ್ದಾಗಲೆಲ್ಲ ಡೈರಿಯಲ್ಲಿ ಒಂದು ಗೀಟು ಹಾಕಿದರು. ಎರಡನೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಇಪ್ಪತ್ತಾರು ಗೀಟುಗಳಾಗಿದ್ದವು. ಅದರಲ್ಲಿ ಒಂಬತ್ತು ಅವರದೇ: ಕಾಯಿಸಿದ ನೀರು, ಮಾತ್ರೆ, ಚಾರ್ಜರು, "ಇವಳೇ, ಕಿಟಕಿ ಹಾಕು", "ಇವಳೇ, ಕಿಟಕಿ ತೆಗಿ".

ಪಕ್ಕದಲ್ಲೇ ಕೂತೂ ಅವಳನ್ನೇ ಎಬ್ಬಿಸಿದ್ದೇನಲ್ಲ ಎಂದು ಅವರಿಗೆ ನಾಚಿಕೆಯಾಯಿತು. ತಮ್ಮ ವಾರ್ಡಿನಲ್ಲಿ ಔಷಧಿ ಕೊಡುವ ದಾದಿಯನ್ನು ಯಾರಾದರೂ ಹೀಗೆ ಎಬ್ಬಿಸಿದ್ದರೆ ಸುಮ್ಮನೆ ಬಿಡುತ್ತಿದ್ದರೇ?

ಮೊದಲ ಮನೆಯ ಪರದೆಗಳು ಹೇಳಿದ ದಿನಕ್ಕೇ ಹೋದವು. ಆ ಭಾನುವಾರ ಎಲ್ಲರೂ ಮನೆಯಲ್ಲಿದ್ದರು. ಕುರ್ಚಿಗಳೂ ಮಾಳಿಗೆಯಿಂದ ಇಳಿದು ಬಂದಿದ್ದವು. ಬೆಳಗಿನ ಚಹಾದ ಹೊತ್ತಿಗೆ ದೊಡ್ಡ ಸಿಸ್ಟರ್ ಡೈರಿ ಮುಚ್ಚಿ ಗಂಟಲು ಸರಿಮಾಡಿಕೊಂಡರು.

"ಕೇಳಿ ಎಲ್ರೂ. ನನ್ನ ಕೋಣೆ ಹೊಲಿಗೆ ಕೋಣೆ ಆಗ್ಬೇಕು. ಎರಡು ಕಿಟಕಿ ಇದೆ, ಬೆಳಕು ಬರತ್ತೆ, ದೊಡ್ಡ ಮೇಜು ಹಿಡಿಸತ್ತೆ. ನಾನು ಹಿಂದಿನ ಸಾಮಾನಿನ ಕೋಣೆಗೆ ಹೋಗ್ತೀನಿ."

ಮಗನ ಕೈಯಲ್ಲಿದ್ದ ಬ್ರೆಡ್ಡು ಚಹಾದೊಳಗೆ ಬಿತ್ತು. "ಸಾಮಾನಿನ ಕೋಣೆಗಾ? ಅಲ್ಲಿ ಇಲಿನೂ ಬಗ್ಗಿಕೊಂಡು ಹೋಗತ್ತೆ!"

"ಬೇಡ ಅತ್ತೆ," ಎಂದಳು ಸೊಸೆ ಗಾಬರಿಯಾಗಿ. "ನಾನು ಏನೋ ಸಿಟ್ಟಲ್ಲಿ ಅಂದೆ. ಬೀದಿಯವರು ಏನಂತಾರೆ? ಅತ್ತೆನ ಮೂಲೆಗೆ ತಳ್ಳಿ ತಾನು ದೊಡ್ಡ ಕೋಣೆ ಹಿಡಿದಳು ಅಂತಾರೆ."

"ಬೀದಿಯವರಿಗೆಲ್ಲ ಇಂಜೆಕ್ಷನ್ ಚುಚ್ಚಿದವಳು ನಾನು. ಅವರು ಏನೂ ಅನ್ನಲ್ಲ."

"ಅಪ್ಪನ ಮಂಚ?" ಎಂದ ಮಗ ಮೆಲ್ಲಗೆ.

"ನಿಮ್ಮಪ್ಪ ಆ ಮಂಚ ಕಿರುಗುಟ್ಟತ್ತೆ ಅಂತ ಕೊನೆಯ ಆರು ವರ್ಷ ನೆಲದ ಮೇಲೆ ಮಲಗಿದ್ರು. ನಿನಗೆ ಗೊತ್ತಿಲ್ಲ." ಎಲ್ಲರೂ ನಕ್ಕರು, ಸೊಸೆಯೊಬ್ಬಳನ್ನು ಬಿಟ್ಟು. ಅವಳು ಇನ್ನೂ ತಲೆಯಾಡಿಸುತ್ತಿದ್ದಳು. ದೊಡ್ಡ ಸಿಸ್ಟರ್ ಅವಳ ಕಡೆ ತಿರುಗಿದರು.

"ನೋಡೇ. ನಾನೇನು ತ್ಯಾಗ ಮಾಡ್ತಿಲ್ಲ. ಆ ಸ್ಪಾದಲ್ಲಿ ನಂಗೆ ಹಿಡಿಸಿದ್ದು ಏನು ಅಂತ ಈ ವಾರವೆಲ್ಲ ಯೋಚ್ನೆ ಮಾಡ್ದೆ. ರೂಮು ಚಿಕ್ಕದಿತ್ತು. ನಾನೊಬ್ಬಳೇ ಇದ್ದೆ. ನಾಲ್ಕು ಜನರ ನಡುಮನೇಲಿ ಅದನ್ನ ಮಾಡೋಕೆ ಹೊರಟಿದ್ದೇ ನನ್ನ ಪೆದ್ದುತನ. ಆ ಕೋಣೆ ನಿಂಗೆ ಕೊಡ್ತಿಲ್ಲ, ಈ ಕೋಣೆ ನಂಗೆ ತಗೋತಿದೀನಿ."

ಸೊಸೆ ಲೋಟ ಕೆಳಗಿಟ್ಟಳು. ಆಮೇಲೆ ತಲೆಯೆತ್ತಿದಳು.

"ಹಾಗಾದ್ರೆ ನನ್ನ ಕೋಣೆ ಬಾಗಿಲಿಗೆ ಒಳಗಡೆಯಿಂದ ಚಿಲಕ ಬೇಕು."

"ಇವತ್ತೇ ಹಾಕಿಸ್ತೀನಿ!" ಎಂದರು ದೊಡ್ಡ ಸಿಸ್ಟರ್, ಮೇಜು ಕುಟ್ಟಿ.

ಅಲ್ಲಿಂದ ಮೂರು ವಾರ ಆ ಮನೆಗೆ ಹಿಡಿದ ಹುಮ್ಮಸ್ಸು ಹೇಳತೀರದು. ಮೊದಲು ಟ್ರಂಕುಗಳು ತೆರೆದವು. ನಿವೃತ್ತಿಯ ದಿನ ಬಂದ ಉಡುಗೊರೆಗಳೇ ಒಂದು ಟ್ರಂಕು ತುಂಬ ಇದ್ದವು. ಗೋಡೆ ಗಡಿಯಾರ ಹನ್ನೊಂದು, ಬಿಸಿನೀರಿನ ಫ್ಲಾಸ್ಕು ಒಂಬತ್ತು, ಒಂದರ ಕಾಗದವನ್ನೂ ಬಿಚ್ಚಿರಲಿಲ್ಲ.

"ಅಜ್ಜಿ, ನಿಂಗೆ ಟೈಮು ನೋಡೋಕೆ ಬರಲ್ಲ ಅಂದ್ಕೊಂಡಿದ್ರಾ ಎಲ್ರೂ?" ಎಂದಳು ಮೊಮ್ಮಗಳು.

"ಯಾವತ್ತೂ ಟೈಮಿಗೆ ಮನೆಗೆ ಹೋಗ್ಲಿಲ್ವಲ್ಲ ನಾನು, ಅದಕ್ಕೆ ಕೊಟ್ಟಿರ್ತಾರೆ."

ಫ್ಲಾಸ್ಕುಗಳು ಆಸ್ಪತ್ರೆಗೆ ಹೋದವು. ಗಡಿಯಾರಗಳನ್ನು ಮಗ ಡಿಪೋದಲ್ಲಿ ಹಂಚಿದ. ಪ್ರತಿ ವಸ್ತುವನ್ನೂ ಕೈಗೆತ್ತಿಕೊಂಡು ದೊಡ್ಡ ಸಿಸ್ಟರ್ "ಇರಲಿ..." ಎನ್ನುವಷ್ಟರಲ್ಲಿ ಸೊಸೆ ಎದುರು ನಿಂತು ಕೈ ಚಾಚುತ್ತಿದ್ದಳು. "ಕೊಡಿ ಅತ್ತೆ." ಕೊಡುತ್ತಿದ್ದರು. ತೀರಿಕೊಂಡ ಮಾವನ ಒಂದು ಉಣ್ಣೆಯ ಅಂಗಿ ಬಂದಾಗ ಮಾತ್ರ ಸೊಸೆ ಚಾಚಿದ ಕೈ ಹಿಂದಕ್ಕೆಳೆದುಕೊಂಡು, "ಇದು ಇರಲಿ," ಎಂದಳು. ದೊಡ್ಡ ಸಿಸ್ಟರ್ ಅದನ್ನು ಮುಖಕ್ಕೊತ್ತಿ ಪಕ್ಕಕ್ಕಿಟ್ಟರು.

ಎಂಟಡಿ ಏಳಡಿಯ ಸಾಮಾನಿನ ಕೋಣೆ ಖಾಲಿಯಾದಾಗ ಗೊತ್ತಾಯಿತು, ಅದಕ್ಕೆ ಕಿಟಕಿಯೇ ಇಲ್ಲ. ಗಾರೆ ಕೆಲಸದವನು ಬಂದ. ಗೋಡೆ ತಟ್ಟಿ ನೋಡಿ, ಭುಜದೆತ್ತರಕ್ಕೆ ಗುರುತು ಹಾಕಿದ.

"ಅಲ್ಲಲ್ಲ, ಇಲ್ಲಿ," ಎಂದು ದೊಡ್ಡ ಸಿಸ್ಟರ್ ಕಷ್ಟಪಟ್ಟು ಬಗ್ಗಿ ನೆಲದಿಂದ ಎರಡು ಗೇಣು ಅಳೆದು ತೋರಿಸಿದರು.

"ಇಷ್ಟು ಕೆಳಗೆ ಯಾರಿಗಮ್ಮ ಕಿಟಕಿ, ಬೆಕ್ಕಿಗಾ?"

"ನಂಗೆ. ಹೊಡಿ."

ಅವನು ನಗುತ್ತಲೇ ಸುತ್ತಿಗೆ ಎತ್ತಿದ. ಇಡೀ ಮನೆ ಬಾಗಿಲಲ್ಲಿ ಗುಂಪುಗೂಡಿತ್ತು. ಮಗ ಪಾಳಿಗೆ ಹೊರಡಬೇಕಾದವನು ಸಮವಸ್ತ್ರದಲ್ಲೇ ನಿಂತಿದ್ದ. ಇಟ್ಟಿಗೆ ಒಂದು ಸಡಿಲಾಯಿತು, ಎರಡಾಯಿತು, ಮೂರನೆಯದು ಆಚೆಗೆ ಬಿದ್ದದ್ದೇ ತಡ, ಧೂಳಿನ ನಡುವೆ ಬೆಳಕಿನ ಒಂದು ಪಟ್ಟಿ ಒಳಗೆ ನುಗ್ಗಿ ನೆಲದ ಮೇಲೆ ಉದ್ದಕ್ಕೆ ಮಲಗಿತು. "ಓ!" ಎಂದರು ಎಲ್ಲರೂ ಒಟ್ಟಿಗೆ. ದೊಡ್ಡ ಸಿಸ್ಟರ್ ಮಂಡಿನೋವು ಮರೆತು ನೆಲದ ಮೇಲೆ ಕೂತು, ತೂತಿನಲ್ಲಿ ಕಣ್ಣಿಟ್ಟರು.

"ಏನು ಕಾಣತ್ತೆ ಅಮ್ಮ?"

"ಕಾಂಪೌಂಡು ಗೋಡೆ. ಪಾಚಿ ಹಿಡಿದಿದೆ." ಅವರು ತೂತಿಗೆ ಇನ್ನಷ್ಟು ಮುಖ ಒತ್ತಿದರು. "ಟ್ಯಾಂಕು ಸೋರಿ ಸೋರಿ ಬುಡದಲ್ಲೆಲ್ಲ ಹಸಿರು ಗಿಡ ಎದ್ದಿದೆ ಕಣ್ರೋ. ಎಷ್ಟು ಚೆನ್ನಾಗಿದೆ! ಯಾರೂ ನೋಡೇ ಇರ್ಲಿಲ್ಲ."

"ಆ ಸೋರಿಕೆ ರಿಪೇರಿ ಮಾಡಿಸು ಅಂತ ಹೋದ ವರ್ಷದಿಂದ ಬಯ್ತಿದ್ದೆ ನನ್ನ," ಎಂದ ಮಗ.

"ಮುಟ್ಟಿದ್ರೆ ಜೋಕೆ!"

ಆಮೇಲೆ ಮಗನಿಗೂ ಹುಚ್ಚು ಹತ್ತಿತು. ರಜೆಯ ದಿನ ಅವನು ಅಪ್ಪನ ಮಂಚವನ್ನು ಬಿಚ್ಚಿ, ಗರಗಸ ತಂದು, ಅಗಲವನ್ನು ಅರ್ಧ ಮಾಡಿ, ಅದರ ಕಾಲುಗಳನ್ನು ಮೊಣಕಾಲೆತ್ತರಕ್ಕಿಂತ ತಗ್ಗಾಗಿ ಕತ್ತರಿಸಿದ. "ತೀರ ತಗ್ಗಾದ್ರೆ ನನ್ನ ಮಂಡಿ ಏಳಲ್ಲ," ಎಂದು ದೊಡ್ಡ ಸಿಸ್ಟರ್ ನಾಲ್ಕು ಸಲ ಕೂತು ಎದ್ದು ನೋಡಿ ಎತ್ತರ ಹೇಳಿದರು. ಮುಗಿದ ಮೇಲೆ ಅವನು ಅದರ ಮೇಲೆ ಉರುಳಿ, ಮೈಯೆಲ್ಲ ಹೊರಳಾಡಿ, "ಕೇಳಿ, ಕಿರುಗುಟ್ಟಲ್ಲ!" ಎಂದು ಕೂಗಿದ. ಬಲ್ಬು ಕಾಣದ ದೀಪಕ್ಕೆ ಅವನೇ ಮರದ ಪಟ್ಟಿ ಜೋಡಿಸಿದ. ಮೂರು ಸಲ ತಪ್ಪಾಗಿ ಜೋಡಿಸಿ, ಮೂರು ಸಲವೂ ಮಗಳ ಮೇಲೆ ರೇಗಿದ. ನಾಲ್ಕನೆಯ ಸಲ ಬೆಳಕು ಗೋಡೆಯ ಮೇಲೆ ನೀರಿನ ಹಾಗೆ ಇಳಿಯಿತು. ಹನ್ನೊಂದನೆಯ ಚೌಕದ ಬಣ್ಣದಲ್ಲಿ ಎರಡು ಡಬ್ಬ ಬೆರೆಸಿ ತಂದ ಮೊಮ್ಮಗಳು ತಾನೇ ಬಳಿದಳು. ಕೂದಲು, ಹುಬ್ಬು, ಒಂದು ಕಿವಿ ಎಲ್ಲ ಬೂದುಹಸಿರಾಗಿ ಅಂಗಡಿಗೆ ಹೋದಾಗ ಯಜಮಾನ ಯಾವ ಮನೆಯ ಬಣ್ಣ ಇದೆಂದು ಕೇಳಿದನಂತೆ. ಅದರ ಬೆರಕೆಯ ಅಳತೆಯನ್ನು ಅಂಗಡಿಯ ಪಟ್ಟಿಗೂ ಸೇರಿಸಿಕೊಂಡನಂತೆ. ಆ ಸುದ್ದಿಯನ್ನು ದೊಡ್ಡ ಸಿಸ್ಟರ್ ಪಕ್ಕದ ಮನೆಯಾಕೆಗೆ ಎರಡು ಸಲ ಹೇಳಿದರು.

ಅತ್ತ ದೊಡ್ಡ ಸಿಸ್ಟರ್ ಬಿಟ್ಟುಕೊಟ್ಟ ಮುಂದಿನ ಕೋಣೆಯಲ್ಲಿ ಯಂತ್ರ ಎರಡು ಕಿಟಕಿಗಳ ನಡುವೆ ಕೂತಿತು. ಅದರ ಪಕ್ಕದಲ್ಲಿ ಉದ್ದನೆಯ ಮೇಜು. ಇಡೀ ಪರದೆಯನ್ನು ಮಡಚದೆ ಹಾಸಬಹುದಾದಷ್ಟು ಉದ್ದ. ಮೊದಲ ದಿನ ಸೊಸೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಎಲ್ಲರೂ ಹೊರಗೆ ಕಿವಿಗೊಟ್ಟು ನಿಂತರು. ಯಂತ್ರದ ಸದ್ದು ಶುರುವಾಗಿ ನಿಲ್ಲದೆ, ನಿಲ್ಲದೆ ಓಡಿತು. "ಇಷ್ಟು ಉದ್ದ ಹೊಲಿಗೆ ಅವಳು ಯಾವತ್ತಾದ್ರೂ ಹಾಕಿದ್ಲಾ?" ಎಂದ ಮಗ. ದೊಡ್ಡ ಸಿಸ್ಟರ್ ಅವನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. "ಬಾ, ಆಲೂಗಡ್ಡೆ ಹೆಚ್ಚು. ಇವತ್ತು ಅಡುಗೆ ನಮ್ದು." ಸಾರಿಗೆ ಉಪ್ಪು ಎರಡೆರಡು ಸಲ ಬಿದ್ದಿತ್ತು. ಸೊಸೆ ಕೂತು, ಬಿಸಿಬಿಸಿಯಾಗಿ, ಅದನ್ನೇ ಎರಡನೆಯ ಸಲ ಹಾಕಿಸಿಕೊಂಡು ಉಂಡಳು.

ಕೋಣೆ ಮುಗಿದ ದಿನ ಮಧ್ಯಾಹ್ನ ಸೊಸೆ ತೋಳಿನ ಮೇಲೆ ಪರದೆ ಹೊತ್ತು ಬಂದಳು. ಬಣ್ಣ ಹಾಕದ, ತೆಳ್ಳನೆ ಹತ್ತಿಬಟ್ಟೆ. ಯಾರೂ ಹೇಳಿರಲಿಲ್ಲ. ಅವಳೇ ಆರಿಸಿ, ಅವಳೇ ಹೊಲಿದದ್ದು.

"ಎತ್ತರ ನೋಡ್ಬೇಕು ಅತ್ತೆ," ಎಂದು ನೆಲದ ಮೇಲೆ ಕೂತು ಪುಟ್ಟ ಕಿಟಕಿಗೆ ಅದನ್ನು ತೂಗುಹಾಕಿದಳು. ಗಾಳಿಗೆ ಬಟ್ಟೆ ಉಬ್ಬಿತು, ತಗ್ಗಿತು. ಆಚೆ ಟ್ಯಾಂಕಿನ ಹನಿ ತೊಟ್ಟಿಕ್ಕುತ್ತಿತ್ತು.

"ಮಲಗಿ ನೋಡಿದ್ರೆ ಸರಿಯಾಗಿ ಗೊತ್ತಾಗತ್ತೆ," ಎಂದರು ದೊಡ್ಡ ಸಿಸ್ಟರ್. "ನಂಗೆ ಮಂಡಿ. ನೀನೇ ಮಲಗಿ ನೋಡು."

ಸೊಸೆ ಮಂಚದ ತುದಿಯಲ್ಲಿ ಕೂತಳು. ಒಂದು ಗಳಿಗೆ ಹಿಂಜರಿದು ಕಾಲು ಮೇಲೆ ತಂದು ಒರಗಿದಳು.

"ಹೇಗಿದೆ? ಗಿಡ ಕಾಣ್ಸತ್ತಾ?"

"ಹೂಂ... ಕಾಣ್ಸತ್ತೆ," ಎಂದಳು ಸೊಸೆ. "ಸ್ವಲ್ಪ ಕೆಳಗೆ ಇಳಿಸ್ಬೇಕೇನೋ..." ಮಾತು ಅಲ್ಲಿಗೇ ನಿಂತಿತು. ದೊಡ್ಡ ಸಿಸ್ಟರ್ ಉತ್ತರಕ್ಕೆ ಕಾದು, ಬಗ್ಗಿ ನೋಡಿದರು. ಬಾಯಿ ಸ್ವಲ್ಪ ತೆರೆದು, ಒಂದು ಕೈ ಮಂಚದಿಂದ ಜೋತು, ಸೊಸೆ ಗಾಢವಾಗಿ ನಿದ್ದೆ ಹೋಗಿದ್ದಳು. ಇಪ್ಪತ್ತೊಂದು ವರ್ಷದಲ್ಲಿ ಅವಳು ಹಗಲು ಮಲಗಿದ್ದನ್ನು ಅವರು ನೋಡಿದ್ದು, ಹೆರಿಗೆಯಾದಾಗ ಬಿಟ್ಟರೆ, ಇದೇ ಮೊದಲು.

ಬೆಕ್ಕಿನ ಹೆಜ್ಜೆಯಲ್ಲಿ ಹೊರಬಂದು ಬಾಗಿಲು ಎಳೆದುಕೊಂಡರು. ಅಷ್ಟರಲ್ಲಿ ಮುಂಬಾಗಿಲ ಗಂಟೆ ಸದ್ದಾಯಿತು. ಇನ್ನೊಂದು ಸಲ ಸದ್ದಾಗುವ ಮೊದಲೇ, ಆ ಮಂಡಿಗೆ ಎಲ್ಲಿಂದ ಬಂತೋ ಆ ವೇಗ, ಹೋಗಿ ತೆಗೆದರು. ಗಿರಾಕಿಯೊಬ್ಬಳು ಚೀಲ ಹಿಡಿದು ನಿಂತಿದ್ದಳು.

"ಪರದೆಯವರು ಇದಾರಾ? ಎರಡೇ ನಿಮಿಷ, ಬಟ್ಟೆ ತೋರಿಸ್ಬೇಕಿತ್ತು."

"ಇಲ್ಲ. ನಾಲ್ಕು ಗಂಟೆಗೆ ಬನ್ನಿ."

"ಎಲ್ಲಿ ಹೋಗಿದಾರೆ?"

"ಸ್ಪಾಗೆ," ಎಂದರು ದೊಡ್ಡ ಸಿಸ್ಟರ್ ಗಂಭೀರವಾಗಿ.

ಅಂಗಡಿಯಿಂದ ಬಂದ ಮೊಮ್ಮಗಳಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಪಾಳಿ ಮುಗಿಸಿ ಬಂದ ಮಗ "ಚಹಾ..." ಎಂದು ಬಾಯಿ ತೆರೆದವನು ತಾಯಿಯ ಕಣ್ಣು ನೋಡಿ, ಷೂ ಕೈಯಲ್ಲಿ ಹಿಡಿದು ಒಳಗೆ ಹೋಗಿ ತಾನೇ ಒಲೆ ಹಚ್ಚಿದ. ಮೂವರೂ ಮೇಜಿನ ಸುತ್ತ ಕೂತು, ಕಪ್ಪು ಸದ್ದಾಗದಂತೆ ಇಡುತ್ತ, ಪಿಸುಮಾತಿನಲ್ಲಿ ನಗುತ್ತ ಚಹಾ ಕುಡಿದರು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಹಿಂದಿನ ಬಾಗಿಲು ತೆರೆಯಿತು. ಒಂದು ಕೆನ್ನೆಯ ಮೇಲೆ ದಿಂಬಿನ ಗೆರೆ, ಕೆದರಿದ ಕೂದಲು, ಕುತ್ತಿಗೆಯಲ್ಲಿ ಇನ್ನೂ ಅಳತೆಯ ಟೇಪು. ಸೊಸೆ ಎಲ್ಲರ ಮುಖವನ್ನೂ ನೋಡಿ ಕೆಂಪಾದಳು.

"ಎಬ್ಬಿಸಬಾರದಿತ್ತಾ ಅತ್ತೆ? ಎಷ್ಟು ಹೊತ್ತಾಯ್ತು?"

"ಎರಡು ಗಂಟೆ. ಸಣ್ಣಗೆ ಗೊರಕೆನೂ ಹೊಡೆದೆ."

ಮಗ ಅವಳಿಗೊಂದು ಕಪ್ಪು ಚಹಾ ಬಗ್ಗಿಸಿದ. ಅವಳು ಕೂತು, ಎರಡು ಕೈಯಲ್ಲಿ ಕಪ್ಪು ಹಿಡಿದು, ಹಿಂದಿನ ಕೋಣೆಯ ಕಡೆ ಒಮ್ಮೆ ತಿರುಗಿ ನೋಡಿದಳು.

"ನಾಳೆನೂ ಒಂದು ಗಳಿಗೆ ಬರ್ಲಾ ಅತ್ತೆ?"

"ನಾಳೆ ಆಗಲ್ಲ," ಎಂದರು ದೊಡ್ಡ ಸಿಸ್ಟರ್. "ನಾನಿನ್ನೂ ಒಂದು ಸಲನೂ ಮಲಗಿಲ್ಲ. ನಾಡಿದ್ದು ಬಾ."